ಇಳಿಜಾರಿನಲ್ಲಿ ತುಂಬಿದ ಚೊಂಬು

ಆ ದಿನ ಗಾಡಿಯಲ್ಲಿ ನಾವು ನಾಲ್ಕು ಜನ. ಸ್ಟೀರಿಂಗ್ ಹಿಡಿದವನು ನಾನು. ಪಕ್ಕದಲ್ಲಿ ಮಾವ, ಅಂದರೆ ನನ್ನ ಹೆಂಡತಿಯ ತಂದೆ. ಮುಳಬಾಗಿಲಿನಲ್ಲಿ ಹೈವೇ ಪಕ್ಕ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವರು. ಹಿಂದಿನ ಸೀಟಿನಲ್ಲಿ ಮಾವನ ತಾಯಿ, ನಮಗೆಲ್ಲ ಅಜ್ಜಿ. ಅಜ್ಜಿಯ ಮಡಿಲಲ್ಲಿ ಹಿತ್ತಾಳೆ ಚೊಂಬು, ಅದರ ಕುತ್ತಿಗೆಯವರೆಗೆ ನೀರು. ಅಜ್ಜಿಯ ಪಕ್ಕ ಗೌನಿಪಲ್ಲಿಯ ಒಬ್ಬ ಮಾವಿನ ವ್ಯಾಪಾರಿ.

ನಾವು ಹೊರಟದ್ದು ಬ್ರೇಕು ನೋಡುವುದಕ್ಕೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಎಂಟು ಜನ ಕೂರುವ ಎತ್ತರದ ಗಾಡಿಗಳು ನಮ್ಮ ಕಡೆ ಆಗ ತಾನೇ ಹೆಚ್ಚಾಗುತ್ತಿದ್ದವು. ಮಾವನ ಹತ್ತಿರ ಒಂದು, ವ್ಯಾಪಾರಿಯ ಹತ್ತಿರವೂ ಅಂಥದ್ದೇ ಒಂದು. ಆ ಗಾಡಿಗಳ ಮುಂದಿನ ಚಕ್ರಕ್ಕೆ ಆಗುವ ಬ್ರೇಕಿನ ಡಿಸ್ಕು, ಅಂದರೆ ಕಬ್ಬಿಣದ ತಟ್ಟೆ, ಅದನ್ನು ಅದುಮಿ ಹಿಡಿಯುವ ಪ್ಯಾಡುಗಳನ್ನು ಮಾವ ಬೆಂಗಳೂರಿನಿಂದ ತರಿಸಿದ್ದರು. ಕಂಪನಿ ಮಾಲಲ್ಲ, ಹೊರಗಡೆ ತಯಾರಾದದ್ದು. ಯಾರೂ ಕೊಳ್ಳದೆ ಕೂತಿತ್ತು. ವ್ಯಾಪಾರಿ ಹೇಳಿದ್ದು ಒಂದೇ ಮಾತು: "ನಿಮ್ಮ ಅಳಿಯಂದ್ರು ಸರ್ಕಾರಿ ಜೀಪು ಓಡಿಸೋರು. ಅವ್ರು ಓಡ್ಸಿ ಚೆನ್ನಾಗಿದೆ ಅನ್ಲಿ, ಅವತ್ತೇ ಹಾಕಿಸ್ಕೊಂಡು ಹೋಗ್ತೀನಿ. ಶುಕ್ರವಾರ ಮೊಮ್ಮಗನ ಮುಡಿ ಕೊಡೋಕೆ ತಿರುಪತಿ ಬೆಟ್ಟಕ್ಕೆ ಹೋಗ್ಬೇಕು, ಮನೆಯವರೆಲ್ಲಾ."

ಅದಕ್ಕಾಗಿ ಬೆಳಿಗ್ಗೆಯೇ ಮಾವ ತಮ್ಮ ಗಾಡಿಯ ಡಿಸ್ಕು ಬಿಚ್ಚಿಸಿ ಹೊಸವನ್ನು ಹಾಕಿಸಿದ್ದರು. ಬಿಚ್ಚಿದವು ಕಂಪನಿಯವು, ಇನ್ನೂ ಗಟ್ಟಿಯಾಗಿದ್ದವು. ಒಂದನ್ನು ಅಂಗಡಿ ಬಾಗಿಲಿಗೆ ಒತ್ತು ಕೊಟ್ಟರು. ಇನ್ನೊಂದನ್ನು ಅಜ್ಜಿ ಸೆರಗಿನಲ್ಲಿ ಒರೆಸಿ, ಉಪ್ಪಿನಕಾಯಿ ಜಾಡಿಯ ಹಲಗೆ ಮೇಲೆ ಭಾರಕ್ಕೆ ಇಟ್ಟುಕೊಂಡರು. ನಾನು ಚಪ್ಪಲಿ ಮೆಟ್ಟುವಾಗ ಹೆಂಡತಿ ಬಂದು ಮೆಲ್ಲಗೆ ಹೇಳಿದಳು: "ಅಪ್ಪ ತರಿಸಿ ವರ್ಷ ಆಯ್ತು, ಒಂದೂ ಹೋಗಿಲ್ಲ. ಅವರ ಮುಖ ಸಣ್ಣಗಾಗೋ ಹಾಗೆ ಏನೂ ಅನ್ಬೇಡಿ, ಅಷ್ಟೇ."

ಚೊಂಬು ಆ ಮನೆಯ ಹಳೆಯ ಪದ್ಧತಿ. ಮಾವನ ತಂದೆ ಗಾಡಿ ಹೊಡೆಯುವ ಆಳನ್ನು ಗೊತ್ತು ಮಾಡುವ ಮುಂಚೆ ಎತ್ತಿನ ಗಾಡಿಯಲ್ಲಿ ತುಂಬಿದ ಚೊಂಬು ಇಟ್ಟುಕೊಂಡು ಕೂರುತ್ತಿದ್ದರಂತೆ. ನೀರು ಚೆಲ್ಲದಿದ್ದರೆ ಆಳು ಖಾಯಂ. ಚೊಂಬನ್ನು ಬೇರೆಯವರ ಕೈಗೆ ಕೊಡಲು ಒಪ್ಪದೆ ಅಜ್ಜಿ ತಾವೇ ಹೊರಟು ಬಂದಿದ್ದರು.

ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಬೇಕಲ್ಲ. ಕೋಲಾರದ ದಾರಿಯಲ್ಲಿ ಸ್ವಲ್ಪ ವೇಗ ಹಿಡಿಯುವುದು, ಮೆಲ್ಲಗೆ ಬ್ರೇಕು ಒತ್ತುವುದು, ಬಿಡುವುದು, ಹೀಗೇ ಮಾಡಿಕೊಂಡು ಬಂದೆ.

"ಏನ್ ಸಾಮಿ, ರೋಡಲ್ಲಿ ಕೋಳಿಮರಿ ಏನಾದ್ರೂ ಅಡ್ಡ ಬರ್ತಿದ್ಯಾ?" ಎಂದ ವ್ಯಾಪಾರಿ.

"ಸುಮ್ನಿರಪ್ಪ," ಎಂದರು ಅಜ್ಜಿ. "ಹೊಸಾ ಸೊಸೆಗೆ ಮೊದಲ ದಿನಾನೇ ಕಾಳು ಬೀಸು ಅಂತಾರಾ?"

ಆಮೇಲೆ ಬ್ರೇಕು ಜೋರಾಗಿ ಹಿಡಿದೆ. ಗಾಡಿ ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. ಕಿರ್ರೆನ್ನುವ ಸದ್ದಿಲ್ಲ. ಚೊಂಬಿನ ನೀರು ಅಂಚಿಗೆ ಬಂದು ವಾಪಸು ಹೋಯಿತು. ಮಾವ ಹಿಂದೆ ತಿರುಗಿ ವ್ಯಾಪಾರಿಯನ್ನು ನೋಡಿದರು. ನಿಜ ಹೇಳುತ್ತೇನೆ, ನನಗೂ ಖುಷಿಯಾಯಿತು.

ಕೋಲಾರದ ಬೆಟ್ಟದ ಮೇಲಿನ ಹಳ್ಳಿಗೆ ತಿರುವುಗಳ ದಾರಿ ಇದೆ. ಹತ್ತಿದೆವು, ಮೇಲೆ ನಿಂತು ಗಾಳಿ ಕುಡಿದೆವು, ಇಳಿಯತೊಡಗಿದೆವು. ಮೂರನೆಯ ತಿರುವಿಗೆ ಪೆಡಲು ನನ್ನ ಪಾದವನ್ನು ಒಳಗಿನಿಂದ ಒದೆಯತೊಡಗಿತು. ಐದನೆಯದಕ್ಕೆ ಮೊದಲಿಗಿಂತ ಕೆಳಗೆ ಹೋಯಿತು. ಒತ್ತಿದಷ್ಟು ಹಿಡಿಯುತ್ತಿಲ್ಲ. ಸುಟ್ಟ ವಾಸನೆ ಬಂತು. ಕೈ ತಾನಾಗಿ ಗೇರಿಗೆ ಹೋಯಿತು. ಎರಡನೆಯ ಗೇರು ಹಾಕಿ, ಇಂಜಿನ್ನಿನ ಮೇಲೆ ಗಾಡಿಯನ್ನು ತಡೆದುಕೊಂಡು ಕೆಳಗೆ ತಂದೆ. ಇಪ್ಪತ್ತು ವರ್ಷದ ಅಭ್ಯಾಸ. ಯೋಚನೆ ಮಾಡಿ ಮಾಡಿದ್ದಲ್ಲ.

ಕೆಳಗೆ ಬಂದು ನಿಲ್ಲಿಸಿದಾಗ ಚೊಂಬಿನಿಂದ ಒಂದು ತೊಟ್ಟೂ ಚೆಲ್ಲಿರಲಿಲ್ಲ.

"ಹೆಂಗಿದೆ, ಅಳಿಯಂದ್ರೇ?" ಎಂದರು ಮಾವ. ಮುಖದಲ್ಲಿ ನಗು ಆಗಲೇ ಬಂದು ಕೂತಿತ್ತು. ಎಡಗಡೆ ಮಾವ, ಬಲಗಡೆ ಬಾಗಿಲಿನ ಹೊರಗೆ ಇಳಿದು ನಿಂತು ಬಗ್ಗಿ ನೋಡುತ್ತಿದ್ದ ವ್ಯಾಪಾರಿ. ನಡುವೆ ನಾನು, ಅಡಕತ್ತರಿಯ ಬಾಯಲ್ಲಿ ಅಡಕೆ ಸಿಕ್ಕ ಹಾಗೆ.

"ಚೆನ್ನಾಗಿದೆ," ಎಂದೆ.

ಮುಳಬಾಗಿಲಿಗೆ ವಾಪಸಾಗುವ ತನಕ ಇಬ್ಬರೂ ಮಾವಿನ ಸುಗ್ಗಿಯ ಮಾತಾಡಿಕೊಂಡರು. ನಾನು ಗಾಡಿ ಓಡಿಸುತ್ತಾ ಲೆಕ್ಕ ಹಾಕಿದೆ. ಬೆಟ್ಟದಿಂದ ಇಳಿಸಿದ್ದು ಗೇರು, ಬ್ರೇಕಲ್ಲ. ನಮ್ಮ ಕಡೆಯವರು ಇಳಿಜಾರು ಬಂತೆಂದರೆ ಡೀಸೆಲ್ ಉಳಿಯಲಿ ಅಂತ ನ್ಯೂಟ್ರಲ್ಲಿಗೆ ಹಾಕಿ ಬಿಡುತ್ತಾರೆ. ಹಾಗೆ ಬಿಟ್ಟರೆ ಗಾಡಿಯ ಭಾರವೆಲ್ಲ ಪ್ಯಾಡಿನ ಮೇಲೆ. ಈ ವ್ಯಾಪಾರಿ ಎಂಟು ಜನರನ್ನು ತುಂಬಿಕೊಂಡು ತಿರುಪತಿ ಬೆಟ್ಟ ಇಳಿಯುತ್ತಾನೆ. ನನ್ನ ಕಾಲಿಗೆ ಸರಿಹೋದದ್ದು ತನ್ನ ಕಾಲಿಗೂ ಸರಿ ಅಂದುಕೊಳ್ಳುತ್ತಾನೆ. ಆ ಎಂಟು ಜನರಲ್ಲಿ ಮುಡಿ ಕೊಡುವ ಕೂಸೂ ಒಂದು.

ಮಾವನ ಮನೆ ಅಂಗಡಿಯ ಹಿಂದೆಯೇ. ವ್ಯಾಪಾರಿ ಬೆಳಿಗ್ಗೆ ಊರಿನಿಂದಲೇ ಉಂಡು ಬಂದಿದ್ದನಂತೆ, ತನ್ನ ಗಾಡಿಯ ಹತ್ತಿರವೇ ನಿಂತ. ನನಗೆ ಎಲೆ ಹಾಕಿದರು. ಒಬ್ಬಟ್ಟು, ಮೇಲೆ ತುಪ್ಪ. ಹೊರಗೆ ಜಾಕ್ ಏರಿಸುವ ಸದ್ದು, ಚಕ್ರದ ನಟ್ಟು ಬಿಚ್ಚುವ ಸದ್ದು. ಬಾಯಲ್ಲಿ ಬಿಸಿ ತುಪ್ಪ ಅನ್ನುತ್ತಾರಲ್ಲ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮಾವ ಎದುರಿಗೆ ಕೂತು, "ಅಳಿಯಂದ್ರಿಗೆ ಇನ್ನೊಂದು ಹಾಕೇ" ಎಂದು ಮಗಳಿಗೆ ಹೇಳುತ್ತಿದ್ದರು. ಯಾವತ್ತೂ ಅಷ್ಟು ಮಾತಾಡಿದವರಲ್ಲ.

ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದರು. ಯಾರಿಗೋ ಹೇಳುವ ಹಾಗೆ ಹೇಳಿದರು: "ಹತ್ತೋವಾಗ ಚೊಂಬು ಸುಮ್ನಿತ್ತು ಕಣಪ್ಪ. ಇಳಿಯೋವಾಗ ಅದ್ಯಾಕೋ ಗದಗದ ನಡುಗ್ತು. ನನ್ನ ಕೈಯೇ ನಡುಗ್ತೇನೋ ಅಂದ್ಕೊಂಡೆ."

ಅಳಿಯ ಅರ್ಧ ಊಟದಲ್ಲಿ ಎಲೆ ಬಿಟ್ಟು ಏಳಬಾರದು. ಎದ್ದರೆ ಆ ಮನೆಯನ್ನೇ ಬೇಡವೆಂದ ಹಾಗೆ. ನಾನು ಎದ್ದೆ. ಎಂಜಲು ಕೈಯಲ್ಲೇ ಹೊರಗೆ ಹೋದೆ. ವ್ಯಾಪಾರಿಯ ಗಾಡಿಯ ಒಂದು ಚಕ್ರ ಬಿಚ್ಚಿ ಒರಗಿಸಿದ್ದರು.

"ಅಣ್ಣ, ಇಳಿಜಾರಲ್ಲಿ ನೀವು ನ್ಯೂಟ್ರಲ್ ಹಾಕ್ತೀರಾ?"

"ಹಾಕ್ದೆ? ಇಳಿಯೋಕೂ ಡೀಸೆಲ್ ಕುಡಿಸೋಕೆ ನಮ್ದೇನು ಸರ್ಕಾರಿ ಜೀಪಾ, ಸಾಮಿ?"

"ಹಂಗಾದ್ರೆ ಇದು ಬೇಡ. ನಾನು ಗೇರಲ್ಲಿ ಇಳಿಸಿದ್ದು. ಬಿಸಿಯಾದ್ರೆ ಇದು ಹಿಡಿಯಲ್ಲ. ಆಗ್ಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ."

ಅವನು ನನ್ನ ಕೈ ನೋಡಿದ, ಹಿಂದೆ ಬಾಗಿಲಲ್ಲಿ ನಿಂತಿದ್ದ ಮಾವನನ್ನು ನೋಡಿದ. "ಸರೇ," ಎಂದು ಮೆಲ್ಲಗೆ ಹೇಳಿ ಚಕ್ರ ವಾಪಸು ಹಾಕಿಸಿಕೊಂಡು ಹೋದ. ಮಾವ ಡಿಸ್ಕಿನ ಮಾತೇ ಎತ್ತಲಿಲ್ಲ. "ಎಲೆ ಮುಂದಿಂದ ಎದ್ರಲ್ಲ," ಎಂದರು, ಅಷ್ಟೇ. ಸಂಜೆ ನಮ್ಮ ಮನೆಗೆ ವಾಪಸಾಗುವಾಗ ನನ್ನ ಹೆಂಡತಿ ಬಸ್ಸಿನಲ್ಲಿ ಕೋಲಾರದವರೆಗೂ ಕಿಟಕಿ ಕಡೆಗೇ ನೋಡಿಕೊಂಡು ಬಂದಳು.

ಮಾವ ಮಾತ್ರ ತಮ್ಮ ಗಾಡಿಯಲ್ಲಿದ್ದ ಹೊಸ ಡಿಸ್ಕುಗಳನ್ನು ಬಿಚ್ಚಿಸಲಿಲ್ಲ. ಬಿಚ್ಚಿಸಿದರೆ ತಾವೇ ಒಪ್ಪಿಕೊಂಡ ಹಾಗಾಗುತ್ತಿತ್ತು. ಹೆಂಡತಿ ತವರಿಗೆ ಹೋಗಿ ಅಪ್ಪನ ಜೊತೆ ಎಲ್ಲಿಗಾದರೂ ಹೊರಟಳೆಂದು ಗೊತ್ತಾದರೆ, ಅವಳು ಮನೆ ಸೇರುವವರೆಗೆ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಬೇಡವೆನ್ನಲು ನನಗೆ ಆ ಮನೆಯಲ್ಲಿ ಮಾತು ಉಳಿದಿರಲಿಲ್ಲ. ಅರ್ಧ ಮಳೆಗಾಲ ಹಾಗೇ ಕಳೆಯಿತು.

ಗೌರಿಹಬ್ಬಕ್ಕೆ ಕರೆದರು, ಹೋದೆ. ಕೈಕಾಲು ತೊಳೆಯಲು ಹಿತ್ತಿಲ ಕಡೆ ಹೋಗುವಾಗ ಉಪ್ಪಿನಕಾಯಿ ಜಾಡಿ ಕಣ್ಣಿಗೆ ಬಿತ್ತು. ಹಲಗೆಯ ಮೇಲೆ ಡಿಸ್ಕು ಇರಲಿಲ್ಲ, ಗುಂಡುಕಲ್ಲು ಇತ್ತು.

"ನಿಮ್ಮಾವ ಗಾಡಿಗೇ ವಾಪಸ್ ಹಾಕಿಸ್ದ," ಎಂದರು ಅಜ್ಜಿ. "ಮೊನ್ನೆ ಒಬ್ಬನೇ ಆ ಬೆಟ್ಟಕ್ಕೆ ಹೋಗಿದ್ದ, ನನ್ನ ಚೊಂಬು ತಗೊಂಡು. ಇಳಿಯೋವಾಗ ನೀರೆಲ್ಲಾ ಚೆಲ್ಲಿ, ಸೀಟೆಲ್ಲಾ ನೆನೆಸ್ಕೊಂಡು ಬಂದ."

ಒಳಗಿನಿಂದ ಮಾವ ಕರೆದರು: "ಅಳಿಯಂದ್ರೇ, ಎಲೆ ಹಾಕಿದೆ, ಬನ್ನಿ."

ಹೋಗಿ ಕೂತೆ. ಮಜ್ಜಿಗೆ ಅನ್ನದವರೆಗೂ ಉಂಡು, ಮಾವ ಎದ್ದ ಮೇಲೆ ಎದ್ದೆ.