ಇಗ್ಗಿ ತಾನೇ ಬರೆದ ಉತ್ತರ

ನನ್ನ ತಮ್ಮ ಮಂಜುಗಡ್ಡೆ ಒಡೆದು ನದಿಗೆ ಬಿದ್ದು ಸತ್ತ ಹನ್ನೊಂದನೆಯ ದಿನ ಇಗ್ನೇಶಸ್ ಟಿಕಿಯುನ್ ಹುಟ್ಟಿದ. ನಮ್ಮಲ್ಲಿ ಸತ್ತವರ ಹೆಸರನ್ನು ಖಾಲಿ ಬಿಡುವುದಿಲ್ಲ. ಮಗುವಿಗೆ ನನ್ನ ತಮ್ಮನ ಹೆಸರನ್ನೇ ಇಟ್ಟರು. ಅಂದಿನಿಂದ ಬೇರೆ ಮನೆಯ ಆ ಮಗು ನನಗೆ ತಮ್ಮನೇ. ಅವನಿಗೆ ಮಾತು ಬಂದಾಗ ನನ್ನನ್ನು ಅಕ್ಕ ಎಂದ. ನನಗಿಂತ ಹತ್ತೊಂಬತ್ತು ವರ್ಷ ಚಿಕ್ಕವನು. ಊರೆಲ್ಲ ಇಗ್ಗಿ ಎಂದು ಕರೆಯಿತು.

ಅಲಾಸ್ಕಾದ ಈ ಕಡಲಂಚಿಗೆ ರಸ್ತೆಯಿಲ್ಲ. ಬೆತೆಲ್ ಪಟ್ಟಣದಿಂದ ಬರುವ ಆರು ಸೀಟಿನ ವಿಮಾನವೇ ನಮಗೆ ಬಸ್ಸು, ಲಾರಿ, ಆಂಬುಲೆನ್ಸು ಎಲ್ಲ. ಇಗ್ಗಿ ಹದಿನೇಳು ವರ್ಷ ಅದನ್ನು ಓಡಿಸಿದ. ಮಕ್ಕಳ ಡಯಾಪರ್ ತಂದ, ನಾಯಿಮರಿ ತಂದ, ನನ್ನ ಅಪ್ಪನ ಶವಪೆಟ್ಟಿಗೆಯನ್ನೂ ತಂದ. ಇಳಿಯುವಾಗ ಚರ್ಚಿನ ಹಾಡು ಗುನುಗುತ್ತಿದ್ದ. ಸ್ವರ ಮಾತ್ರ ದೇವರೇ ಗತಿ. ಬಾಯಲ್ಲಿ ಯಾವಾಗಲೂ ಒಣ ಸಾಲ್ಮನ್ ಮೀನಿನ ಚೂರು. ಶಾಲೆಯಲ್ಲಿ ಬರೆಯುವುದೆಂದರೆ ಓಡಿಹೋಗುತ್ತಿದ್ದವನು ವಿಮಾನದ ಪರೀಕ್ಷೆಗಳನ್ನು ಹೇಗೆ ಪಾಸು ಮಾಡಿದನೋ ಇವತ್ತಿಗೂ ನನಗೆ ಸೋಜಿಗ.

ಊರಿನಲ್ಲಿ ವಿಮಾನ ಕಂಪನಿಯ ಏಜೆಂಟ್ ನಾನು. ವಿಮಾನ ಬಂದಾಗ ನಾಲ್ಕು ಚಕ್ರದ ಗಾಡಿ ತೆಗೆದುಕೊಂಡು ಹೋಗಿ ಜನ, ಟಪಾಲು, ಸಾಮಾನು ಇಳಿಸಿಕೊಳ್ಳುವುದು, ಬೆಳಿಗ್ಗೆ ಪೈಲಟ್‌ಗೆ ಊರಿನ ಹವೆ ಹೇಳುವುದು ನನ್ನ ಕೆಲಸ. ನಾನು ಹೇಳಹೊರಟ ಆ ತಿಂಗಳಿಡೀ ಹವೆ ಅಳೆಯುವ ಯಂತ್ರ ಕೆಟ್ಟು ಕೂತಿತ್ತು. ಅದು ಸರಿಯಿದ್ದಾಗಲೂ ಇಗ್ಗಿ ನಂಬುತ್ತಿದ್ದುದು ನನ್ನ ಕಣ್ಣನ್ನೇ. ಸ್ಮಶಾನದ ದಿಬ್ಬದ ಮೇಲಿನ ಬಿಳಿ ಶಿಲುಬೆಗಳು ನನ್ನ ಅಡುಗೆಮನೆಯ ಕಿಟಕಿಯಿಂದ ಕಂಡರೆ ವಿಮಾನ ಬರಬಹುದು. ಕಾಣದಿದ್ದರೆ ಬರಬಾರದು. ಅವನು ಫೋನಿನಲ್ಲಿ ಕೇಳುತ್ತಿದ್ದುದು ಒಂದೇ ಮಾತು.

"ಅಕ್ಕಾ, ಶಿಲುಬೆ ಕಾಣ್ತವಾ?"

ಆ ವಸಂತದಲ್ಲಿ ನನ್ನ ಗಂಡ ವರ್ಷದ ಮೊದಲ ಸೀಲ್ ಎಂಬ ಕಡಲಪ್ರಾಣಿಯನ್ನು ಬೇಟೆಯಾಡಿ ತಂದಿದ್ದ. ಹಾಗೆ ತಂದವನ ಹೆಂಡತಿ ಊರಿನ ಹೆಂಗಸರನ್ನೆಲ್ಲ ಕರೆದು, ಮಾಂಸ ಕೊಬ್ಬು ಹಂಚಿ, ಮನೆ ಮೆಟ್ಟಿಲ ಮೇಲೆ ನಿಂತು ಅವರು ಹಿಡಿದುಕೊಳ್ಳಲೆಂದು ಉಡುಗೊರೆಯ ಸಾಮಾನು ಎಸೆಯಬೇಕು. ಬಟ್ಟೆ ತುಂಡು, ಚಹಾ ಪೊಟ್ಟಣ, ಬಕೆಟ್ಟು, ಕಾಲುಚೀಲ. ನನ್ನ ಸಾಮಾನಿನ ಪೆಟ್ಟಿಗೆಗಳು ಮಂಜಿನಿಂದಾಗಿ ಮೂರು ದಿನದಿಂದ ಬೆತೆಲ್‌ನಲ್ಲೇ ಕೊಳೆಯುತ್ತಿದ್ದವು. ಪಕ್ಕದ ಊರಿನ ನೆಂಟರು ಆಗಲೇ ಬಂದು ಕೂತಿದ್ದರು. ಹೋದ ವರ್ಷ ನನ್ನ ನಾದಿನಿ ಒಂದು ಗಂಟೆ ಎಸೆದಿದ್ದಳು. ಬರಿಗೈಯಲ್ಲಿ ಮೆಟ್ಟಿಲ ಮೇಲೆ ನಿಂತ ನನ್ನನ್ನು ಕಂಡು ಅವಳು ಮುಸಿಮುಸಿ ನಗುವುದನ್ನು ನೆನೆದೇ ನನಗೆ ಮೈ ಉರಿಯುತ್ತಿತ್ತು.

ಫೋನು ಬಂದಾಗ ನಾನು ರೊಟ್ಟಿ ಕರಿಯಲು ಹಿಟ್ಟು ನಾದುತ್ತಿದ್ದೆ. ಕಿಟಕಿ ನನ್ನ ಬೆನ್ನ ಹಿಂದಿತ್ತು. ಅವನು ಕೇಳಿದ. ನಾನು ತಿರುಗಲೂ ಇಲ್ಲ. "ಕಾಣ್ತವೆ ಬಾರೋ" ಎಂದೆ.

ಕಡಲಿನಿಂದ ಮಂಜು ಕವಿದಿತ್ತು. ವಿಮಾನ ತೀರ ಕೆಳಗೆ ಬಂದು, ಓಡುದಾರಿಯ ಅಂಚು ತಪ್ಪಿ, ಹಸಿ ನೆಲಕ್ಕೆ ಚಕ್ರ ಹೂತು, ಮೂಗು ಮುಂದಾಗಿ ಬಿತ್ತು. ಒಳಗಿದ್ದ ಮುದುಕಿಯೊಬ್ಬಳ ಮಣಿಕಟ್ಟು ಮುರಿಯಿತು. ಇಗ್ಗಿಯ ಹಣೆ ಒಡೆದಿತ್ತು. ನಾನು ಗಾಡಿಯಲ್ಲಿ ಹೋದಾಗ ಅವನು ಮುದುಕಿಯ ಕೈ ಹಿಡಿದು ಕೂತಿದ್ದ. ನನ್ನನ್ನು ನೋಡಿದ.

ಪೆಟ್ಟಿಗೆಗಳಿಗೆ ಏನೂ ಆಗಿರಲಿಲ್ಲ. ಹೇಳಲು ನಾಲಿಗೆ ಏಳುವುದಿಲ್ಲ, ಆದರೂ ಹೇಳುತ್ತೇನೆ. ಮರುದಿನ ನಾನು ಹಬ್ಬ ಮಾಡಿದೆ. ಇಗ್ಗಿಯ ಹೆಂಡತಿ ಬರ್ನಡೆಟ್‌ಗೆ ಒಂದು ನೀಲಿ ಬಕೆಟ್ ಸಿಕ್ಕಿತು.

ಮೂರು ವಾರಕ್ಕೆ ವಿಮಾನ ಇಲಾಖೆಯಿಂದ ಇಗ್ಗಿಗೆ ಕಾಗದ ಬಂತು. ನಿಮ್ಮ ಮೇಲೆ ತನಿಖೆ ನಡೆಯುತ್ತಿದೆ, ಹೇಳುವುದಿದ್ದರೆ ಹತ್ತು ದಿನದೊಳಗೆ ಬರೆದು ತಿಳಿಸಿ ಎಂದಿತ್ತು. ಲೈಸೆನ್ಸ್ ಹೋದರೆ ಅವನಿಗೆ ಬೇರೆ ಕಸುಬು ಗೊತ್ತಿಲ್ಲ. ವಕೀಲರನ್ನು ಕೇಳದೆ ಒಂದಕ್ಷರ ಬರೆಯಬೇಡ ಎಂದು ಬರ್ನಡೆಟ್ ಬೆನ್ನು ಬಿದ್ದಿದ್ದಳಂತೆ. ಪೈಲಟ್‌ಗಳ ಕೇಸನ್ನೇ ನೋಡುವ ವಕೀಲೆಯೊಬ್ಬಳ ನಂಬರನ್ನೂ ಹುಡುಕಿ ಕೊಟ್ಟಿದ್ದಳು. ನಾನಂತೂ ಆ ದಿನಗಳಲ್ಲಿ ಫೋನು ಬಡಿದರೆ ಸಾಕು, ಇಲಾಖೆಯವರೇ ಇರಬೇಕೆಂದು ಗಂಡನಿಗೆ ಎತ್ತಲು ಹೇಳುತ್ತಿದ್ದೆ.

ಎಂಟನೆಯ ದಿನ ಮಧ್ಯಾಹ್ನ ಇಗ್ಗಿ ಆ ಕಾಗದ ಹಿಡಿದು ನನ್ನ ಅಡುಗೆಮನೆಗೆ ಬಂದ. ಹಣೆಯ ಮೇಲೆ ಹೊಲಿಗೆಯ ಗುರುತು. ಚಹಾ ಕೊಟ್ಟೆ. ಲೋಟ ಬದಿಗಿಟ್ಟು ಕಾಗದವನ್ನು ಮೇಜಿನ ಮೇಲೆ ಹರಡಿದ.

"ಅಕ್ಕಾ, ವಕೀಲರ ಹತ್ರ ಹೋಗ್ಬೇಕಾ? ನೀನೇನಂತೀಯ?"

ವಕೀಲೆ ಮೊದಲು ಏನು ಕೇಳುತ್ತಾಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹವೆ ಸರಿಯಿದೆ ಎಂದು ಹೇಳಿದ್ದು ಯಾರು ಎಂದೇ ಕೇಳುತ್ತಾಳೆ.

"ವಕೀಲರು ಯಾಕೋ? ತಪ್ಪು ಮಾಡಿದೋರು ವಕೀಲರ ಹಿಂದೆ ಅಡಗ್ತಾರೆ" ಎಂದೆ. "ನೀನೇನು ಕಳ್ಳನಾ? ನಿಜ ಬರೆದು ಕಳ್ಸು. ಅವರೂ ಮನುಷ್ಯರೇ."

ಎಷ್ಟು ಸಲೀಸಾಗಿ ಬಂತು ಆ ಮಾತು! ಪಾದ್ರಿಗಳೂ ಹಾಗೆ ಹೇಳಲಾರರು. ಅವನು ನನ್ನ ಮುಖವನ್ನೇ ನೋಡಿದ. ನಾನು ಒಲೆಯ ಕಡೆ ತಿರುಗಿಕೊಂಡೆ. ಆಮೇಲೆ ಪೆನ್ನು ಕೇಳಿದ.

ನನ್ನ ಮೇಜಿನ ಮೇಲೆಯೇ ಬರೆದ. ದಪ್ಪ ದಪ್ಪ ಅಕ್ಷರ, ನಾಲಿಗೆ ಹಲ್ಲಿನ ನಡುವೆ. ಮುಗಿಸಿ ನನ್ನ ಕಡೆ ತಳ್ಳಿದ. ಆರೇ ಸಾಲು. ಮಂಜಿತ್ತು, ಇಳಿಯಬಹುದೆಂದು ನಾನೇ ಅಂದುಕೊಂಡೆ, ತಪ್ಪು ನನ್ನದೇ, ಮುದುಕಿಯ ಕೈ ವಾಸಿಯಾಗಲಿ. ಅದರಲ್ಲಿ ನನ್ನ ಹೆಸರಿರಲಿಲ್ಲ. ಫೋನು ಮಾಡಿದ ಮಾತೂ ಇರಲಿಲ್ಲ. "ಚೆನ್ನಾಗಿದೆ" ಎಂದೆ. ಆ ಕಾಗದವನ್ನು ಟಪಾಲು ಚೀಲಕ್ಕೆ ಹಾಕಿ ಬೇರೆ ಪೈಲಟ್‌ನ ವಿಮಾನಕ್ಕೆ ಏರಿಸಿದವಳೂ ನಾನೇ.

ತಪ್ಪು ನನ್ನದೇ ಎಂದು ಬರೆದುಕೊಟ್ಟವನ ವಿಷಯದಲ್ಲಿ ಇಲಾಖೆಗೆ ಹುಡುಕುವುದೇನು ಉಳಿದಿತ್ತು? ನೂರೈವತ್ತು ದಿನ ಲೈಸೆನ್ಸ್ ಅಮಾನತು ಮಾಡಿದರು. ಆ ದಿನಗಳು ಕಳೆದ ಮೇಲೆ ಲೈಸೆನ್ಸ್ ವಾಪಸು ಬಂತು, ಕೆಲಸ ಬರಲಿಲ್ಲ. ತಪ್ಪೊಪ್ಪಿಕೊಂಡ ಕಾಗದವಿರುವ ಪೈಲಟ್‌ಗೆ ವಿಮೆ ಕೊಡುವುದಿಲ್ಲವೆಂದು ವಿಮೆಯವರು ಕಂಪನಿಗೆ ಹೇಳಿದರಂತೆ. ಇಗ್ಗಿ ಈಗ ಓಡುದಾರಿಯ ಜಲ್ಲಿ ಸಮ ಮಾಡುತ್ತಾನೆ, ದೀಪ ಒರೆಸುತ್ತಾನೆ. ವಿಮಾನ ಇಳಿಯುವಾಗ ಪಕ್ಕಕ್ಕೆ ಸರಿದು ಟೋಪಿ ಹಿಡಿದುಕೊಂಡು ನಿಲ್ಲುತ್ತಾನೆ. ಹಾಡು ನಿಂತಿದೆ.

ಮರುವರ್ಷ ಇಲಾಖೆಯ ಅಧಿಕಾರಿಯೊಬ್ಬರು ಬಂದು ಶಾಲೆಯ ಹಾಲಿನಲ್ಲಿ ಪೈಲಟ್‌ಗಳಿಗೂ ಏಜೆಂಟರಿಗೂ ಪಾಠ ಮಾಡಿದರು. ಒಳ್ಳೆಯ ಮನುಷ್ಯ, ನಗುತ್ತ ಮಾತಾಡುವವರು. ಹವೆಯ ಯಂತ್ರ ಇಲ್ಲದ, ಇಲ್ಲವೇ ಕೆಟ್ಟು ಕೂತ ಊರಿನಲ್ಲಿ, ಹವೆ ಬಲ್ಲ ಸ್ಥಳೀಯರ ಮಾತನ್ನು ಪೈಲಟ್ ನಂಬಬಹುದು, ಕಾನೂನೇ ಒಪ್ಪುತ್ತದೆ, ಆ ಮಾತೇ ಅವನಿಗೆ ಆಸರೆ ಎಂದರು. ನಮ್ಮ ಇಲಾಖೆಯಿಂದ ಕಾಗದ ಬಂದರೆ ಉತ್ತರ ಬರೆಯುವ ಮೊದಲು ವಕೀಲರನ್ನು ಕೇಳಿ, ಅದಕ್ಕೆ ನಾವು ಬೇಜಾರು ಮಾಡಿಕೊಳ್ಳುವುದಿಲ್ಲ ಎಂದೂ ಹೇಳಿದರು. ಬಾಗಿಲ ಹತ್ತಿರ ಇಗ್ಗಿ ತನ್ನ ಬೂಟು ನೋಡುತ್ತ ನಿಂತಿದ್ದ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಹೊರಗೆ ಅವನನ್ನು ಹಿಡಿದೆ. "ನನಗೆ ಗೊತ್ತಿರ್ಲಿಲ್ಲ ಕಣೋ, ನನ್ನ ಹೆಸರು ಬರೆದಿದ್ರೆ ನೀನು ಉಳೀತಿದ್ದೆ ಅಂತ" ಎಂದೆ. ಅಲ್ಲೂ ಅರ್ಧ ಸುಳ್ಳೇ.

"ನನಗೆ ಗೊತ್ತಿತ್ತು" ಎಂದ ಇಗ್ಗಿ. "ನಿನ್ನ ಹತ್ರ ಬರೋ ಮುಂಚೇನೇ ಆ ವಕೀಲೆಗೆ ಫೋನ್ ಮಾಡಿದ್ದೆ. ಹವೆ ಹೇಳಿದೋರು ಯಾರು, ಅವರ ಕೈಲಿ ಎರಡು ಸಾಲು ಬರೆಸ್ಕೊಂಡು ಬಾ ಅಂದ್ಳು."

"ಮತ್ತೆ ನನ್ನನ್ನ್ಯಾಕೆ ಕೇಳ್ದೆ, ಹೋಗ್ಬೇಕಾ ಅಂತ?"

ಅವನು ಜೇಬಿನಿಂದ ಮೀನಿನ ಚೂರು ತೆಗೆದು, ಮುರಿದು, ಅರ್ಧ ನನಗೆ ಕೊಟ್ಟ.

"ನೀನೇ ಹೇಳ್ತೀಯೇನೋ ಅನ್ಕೊಂಡೆ ಅಕ್ಕಾ."

ಅಷ್ಟು ಹೇಳಿ ಜಲ್ಲಿ ಗಾಡಿ ಹತ್ತಿದ.

ಈಗ ಹೊಸ ಪೈಲಟ್ ಫೋನು ಮಾಡಿದರೆ ನಾನು ಹೊರಗೆ ಹೋಗಿ, ಶಿಲುಬೆಗಳನ್ನು ಒಂದೊಂದಾಗಿ ಎಣಿಸಿ ಬಂದು ಹೇಳುತ್ತೇನೆ. ಊರಿನವರು ನನ್ನನ್ನು ಬಹಳ ಜಾಗ್ರತೆಯವಳು ಎಂದು ಹೊಗಳುತ್ತಾರೆ. ಭಾನುವಾರ ಚರ್ಚಿನಲ್ಲಿ ಬರ್ನಡೆಟ್ ನನ್ನ ಪಕ್ಕದಲ್ಲೇ ಕೂರುತ್ತಾಳೆ. ಆ ವಕೀಲೆಯನ್ನು ಯಾಕೆ ಕೇಳಲಿಲ್ಲವೋ, ಹಟಮಾರಿ, ಯಾರು ಅವನ ತಲೆ ಕೆಡಿಸಿದರೋ ಎಂದು ಈಗಲೂ ಹಲುಬುತ್ತಾಳೆ. ಇಗ್ಗಿ ಅವಳಿಗೂ ಹೇಳಿಲ್ಲ. ನಾನು ಅವಳ ಕೈ ತಟ್ಟಿ, ಹೌದು ಕಣೆ, ಕೇಳಬೇಕಿತ್ತು ಎನ್ನುತ್ತೇನೆ.