ನನಗಾಗದ ಪ್ರೇರಣೆ

ರೂತ್, ಅಂದು ನನಗೆ ದೇವರಿಂದ ಯಾವ ಪ್ರೇರಣೆಯೂ ಆಗಿರಲಿಲ್ಲ. ನಾನು ಪ್ರಾರ್ಥನೆಯನ್ನೇ ಮಾಡಿರಲಿಲ್ಲ. ಮಕ್ಕಳಿಗೆ ಮನೆಯಲ್ಲಿ ಯಾವ ಪದ್ಧತಿಯಲ್ಲಿ ಕಲಿಸಬೇಕೆಂದು ಎಲ್ಲರೂ ಕೂತು ಮಾತಾಡಿದ ದಿನ, ನಾನು ದೇವರ ಹೆಸರಿನಲ್ಲಿ ಸುಳ್ಳು ಹೇಳಿದೆ — ಅದೂ ನಿನ್ನೆದುರಿಗೆ. ನನ್ನ ಗಂಡನ ತಂಗಿ ನೀನು. ನನಗೆ ಒಡಹುಟ್ಟಿದವರಿಲ್ಲದ ಕೊರತೆಯನ್ನು ಮರೆಸಿದವಳೂ ನೀನೇ.

ಆ ದಿನದ ವಿಷಯದಲ್ಲಿ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅದು ಪ್ರತಿ ಸಲವೂ ನನ್ನ ಪರವಾಗಿ ಏನೋ ಒಂದನ್ನು ತಿದ್ದಿಕೊಂಡು ಬರುತ್ತದೆ. ಬೈಲಹೊಂಗಲದ ನಮ್ಮ ಪಡಸಾಲೆ, ಭಾನುವಾರದ ಆರಾಧನೆ ಮುಗಿಸಿ ಬಂದವರು, ಮೊಮ್ಮಕ್ಕಳನ್ನು ಮನೆಯಲ್ಲೇ ಓದಿಸಬೇಕೆಂದಿದ್ದ ಕಿತ್ತೂರಿನ ಕಾಕಾ, ಮುನವಳ್ಳಿಯಿಂದ ಮಗಳು ಎಸ್ತೇರಳೊಡನೆ ಬಂದ ನೀನು — ಇಷ್ಟು ಖಚಿತ. ನೀನು ಎಲ್ಲಿ ಕೂತಿದ್ದೆ, ನನ್ನ ಮಾತು ಕೇಳಿದಾಗ ನಿನ್ನ ಮುಖ ಹೇಗಿತ್ತು... ಅದನ್ನು ಬೇಕೆಂದೇ ಅಳಿಸಿಕೊಂಡಿರಬೇಕು.

ಎಸ್ತೇರ್ ಮಾತಾಡುವಾಗ ತಡವರಿಸುತ್ತಿದ್ದಳು. ಶಾಲೆಯಲ್ಲಿ ಮಕ್ಕಳು ಅಣಕಿಸಿದರೆಂದು ನೀನು ಅವಳನ್ನು ಬಿಡಿಸಿದ್ದೆ. ನನ್ನ ಮಗಳು ಅನುಗ್ರಹಳನ್ನು ವಿಶ್ವಾಸದಲ್ಲಿ ಬೆಳೆಸಲೆಂದು ಬಿಡಿಸಿದೆ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ಎಂ.ಎ. ಓದಿದವಳು ಮಗಳಿಗೆ ತಾನೇ ಕಲಿಸಬಲ್ಲಳೆಂಬ ಹಮ್ಮೂ ಅದರಲ್ಲಿತ್ತು.

ನೀನಾಗಲೇ ಒಂದು ಪದ್ಧತಿ ಹಿಡಿದಿದ್ದೆ. ಅದೊಂದು ಪದ್ಧತಿ ಎಂಬುದೇ ನಿನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಬೈಬಲಿನ ಒಂದು ಭಾಗ ಓದಿ, ಪುಸ್ತಕ ಮುಚ್ಚಿಟ್ಟು, ರೊಟ್ಟಿ ಬಡಿಯಲು ಕೂತು, ಈಗ ನೀ ಹೇಳು ಅನ್ನುತ್ತಿದ್ದೆ. ಬೇರೆಲ್ಲ ಕಡೆ ತೊಡರುವ ಆ ಹುಡುಗಿಯ ನಾಲಿಗೆ ಕತೆಯಲ್ಲಿ ಮಾತ್ರ ತೊಡರುತ್ತಿರಲಿಲ್ಲ. ಅಂದು ಎಲ್ಲರೆದುರಿಗೆ ನೋಹನ ಕತೆ ಹೇಳಿದಳು.

“ನೋಹನ ಹೇಂತಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಗೊಂಡ್ಲು, ಮಳಿ ಯಾವಾಗ ನಿಂದರತೈತೋ ಏನೋ ಅಂತ. ಪ್ರಾಣಿ ಎಲ್ಲಾ ಹಡಗ ಹತ್ತಿದ್ವು, ಎಮ್ಮಿ ಒಂದು ಹತ್ತವಲ್ದು.”

“ಆಮ್ಯಾಗ ಏನ್ ಮಾಡಿದಾ ಬೇ ನೋಹ?” ಎಂದರು ಕಾಕಾ.

“ಹಿಂಡಿ ತೋರಿಸಿದಾ. ಹತ್ತಿತು.”

ಪಡಸಾಲೆಯೆಲ್ಲ ನಕ್ಕಿತು. ನಾನೂ ನಕ್ಕೆ — ಎಮ್ಮೆಯ ಮಾತು ಬೈಬಲಿನಲ್ಲಿಲ್ಲ ಎಂದು ನಗುತ್ತಲೇ ಹೇಳಿದೆ ಅಂತಲೂ ನೆನಪು. ಆಮೇಲೆ ಕಾಕಾ ಅನುಗ್ರಹಳತ್ತ ತಿರುಗಿ, ನೀನೂ ಒಂದು ಹೇಳು ಅಂದರು. ಅವಳು ನನ್ನ ಮುಖ ನೋಡಿದಳು. ಬಾಯಿ ತೆರೆಯಲಿಲ್ಲ. ಇಡೀ ಕೀರ್ತನೆಯನ್ನು ತಪ್ಪಿಲ್ಲದೆ ಒಪ್ಪಿಸುವ ಮಗಳು ಒಂದು ಎಮ್ಮೆಯನ್ನು ಹಡಗು ಹತ್ತಿಸಲಾರಳು ಎಂದು ನನಗೆ ಆಗಲೇ ಗೊತ್ತಿತ್ತು.

ತಿಂಗಳಿಗೊಮ್ಮೆ ಮಕ್ಕಳೆಲ್ಲ ಕೂಡಿ ಕಲಿಯಬೇಕಿತ್ತು. ಆದ್ದರಿಂದ ಎಲ್ಲ ಮನೆಗಳಿಗೂ ಒಂದೇ ಪದ್ಧತಿ ಬೇಕಿತ್ತು. ನಾನು ತರಿಸಿದ್ದು ಇಂಗ್ಲಿಷ್ ಪಾಠಗಳು — ಪ್ರಶ್ನೆ, ಉತ್ತರ, ಬೈಬಲ್ ವಚನಗಳ ಬಾಯಿಪಾಠ. ಆದರೆ ಎಲ್ಲರ ಒಲವು ನಿನ್ನ ಕಡೆ ವಾಲುತ್ತಿತ್ತು. ಇನ್ನು ತಿಂಗಳಿಗೊಮ್ಮೆ ನನ್ನ ಮಗಳು ಹೀಗೆ ಸುಮ್ಮನೆ ನಿಲ್ಲುವುದನ್ನು ನೋಡಬೇಕಲ್ಲ ಎಂದುಕೊಂಡೆ. ಆಗ ಹೇಳಿದೆ:

“ನಾ ಪ್ರಾರ್ಥನಾ ಮಾಡೇನಿ. ನನಗ ಬಾಯಿಪಾಠದ್ದ ಪ್ರೇರಣಾ ಆಗೇತಿ.”

ನಮ್ಮವರಲ್ಲಿ ಆ ಪದ ಬಂದ ಮೇಲೆ ಯಾರೂ ಎದುರಾಡುವುದಿಲ್ಲ. ನನಗೆ ಹೀಗನ್ನಿಸುತ್ತದೆ ಎಂದಿದ್ದರೆ ನೀನು ವಾದಿಸುತ್ತಿದ್ದೆ, ಬಹುಶಃ ಗೆಲ್ಲುತ್ತಲೂ ಇದ್ದೆ. ಪ್ರೇರಣೆ ಆಗಿದೆ ಎಂದವರ ಜೊತೆ ವಾದಿಸುವುದೆಂದರೆ — ಯಾರ ಜೊತೆ ವಾದಿಸಿದ ಹಾಗೆ? ಅದು ಗೊತ್ತಿದ್ದೇ ಆ ಪದ ಎತ್ತಿಕೊಂಡೆ.

“ಆತು ಬಿಡ್ರಿ ವೈನಿ,” ಎಂದೆ ನೀನು. “ದೇವ್ರ ಹೇಳಿದ ಮ್ಯಾಗ ನಂದೇನೈತಿ.”

ಅಂದಿನಿಂದ ಎಸ್ತೇರ್ ಬಾಯಿಪಾಠಕ್ಕೆ ನಿಂತಳು. ಪ್ರತಿ ವಚನದ ನಡುವೆ ಸಿಕ್ಕಿಕೊಳ್ಳುತ್ತಿದ್ದಳು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. ಮುಂದೊಮ್ಮೆ ನಾನು ನಿಮ್ಮ ಮನೆಗೆ ಬಂದಿದ್ದಾಗ ಅವಳನ್ನು ಮಡಿಲಿಗೆಳೆದುಕೊಂಡು, ಯೋನನ ಕತೆ ಹೇಳು ಅಂದೆ. ಅವಳು ಎದ್ದು, ಕೈಕಟ್ಟಿ ನೆಟ್ಟಗೆ ನಿಂತು ಕೇಳಿದಳು: “ಎಷ್ಟನೇ ವಚನದಿಂದ, ಅತ್ತಿ?”

ಅಲ್ಲೇ ನಿಜ ಹೇಳಿಬಿಡಬಹುದಿತ್ತು. ನೀನು ಒಲೆಯ ಮುಂದೆ ಕೂತಿದ್ದೆ. ತಪ್ಪು ನನ್ನದೇ ಎಂದು ನೀನೇ ಶುರುಮಾಡಿದೆ — ದೇವರು ತೋರಿಸಿದ ದಾರಿ ಒಳ್ಳೆಯದೇ ಇರಬೇಕು, ಕಲಿಸುವವಳ ವಿಶ್ವಾಸವೇ ಸಾಲದು ಎಂದು. ನನಗಾಗಿ ಪ್ರಾರ್ಥಿಸಿರಿ ಎಂದು ತಲೆ ಬಗ್ಗಿಸಿದೆ. ನಾನು — ಇದನ್ನು ಬರೆಯಲು ಎಷ್ಟು ಸಲ ಕೂತು ಎದ್ದಿದ್ದೇನೆ — ನಿನ್ನ ತಲೆಯ ಮೇಲೆ ಕೈಯಿಟ್ಟು, ದೇವರು ನಿನ್ನ ಅವಿಶ್ವಾಸವನ್ನು ಕ್ಷಮಿಸಲಿ ಎಂದು ಪ್ರಾರ್ಥಿಸಿದೆ. ನೀನು ಆಮೆನ್ ಅಂದೆ. ಆಮೇಲೆ ನನಗೆ ಬಿಸಿ ರೊಟ್ಟಿ ಬಡಿಸಿದೆ. ನಾನು ತಿಂದೆ.

ಎಸ್ತೇರ್ ಈಗ ದೊಡ್ಡವಳಾಗಿದ್ದಾಳೆ. ಚೆನ್ನಾಗಿದ್ದಾಳೆ, ನಗುತ್ತಾಳೆ, ನಾನು ಬಂದರೆ ಬಿಡದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಾಳೆ. ಮಾತು ಮಾತ್ರ ಕೇಳಿದ್ದಕ್ಕಷ್ಟೇ. ಅವಳು ಹಾಗಾದದ್ದು ನನ್ನೊಬ್ಬಳಿಂದಲೇ ಎನ್ನಲಾರೆ. ಹಾಗೆಂದರೆ ಅಲ್ಲೂ ನನ್ನನ್ನೇ ದೊಡ್ಡವಳನ್ನಾಗಿ ಮಾಡಿಕೊಂಡಂತೆ. ಕತೆ ಕಟ್ಟುತ್ತಿದ್ದವಳ ಕೈಯಿಂದ ಕತೆಯನ್ನು ಕಸಿದದ್ದು ನಾನು — ಅಷ್ಟು ಮಾತ್ರ ಬಲ್ಲೆ. ಇದುವರೆಗೆ ನನ್ನ ತಪ್ಪು ಅಲ್ಲಿಗೇ ಮುಗಿಯಿತು ಅಂದುಕೊಂಡಿದ್ದೆ.

ಮೊನ್ನೆ ನಿನ್ನ ಫೋನು ಬಂತು. ನಿನ್ನ ಸಣ್ಣ ಮಗಳು ಮಾರ್ಥಾಳಿಗೆ ಈಗ ಕಲಿಯುವ ವಯಸ್ಸು. “ಯಾವ ಪದ್ಧತಿ ಅಂತ ನೀವ ಪ್ರಾರ್ಥನಾ ಮಾಡಿ ಹೇಳ್ರಿ, ವೈನಿ,” ಅಂದೆ. “ನನ್ನ ಪ್ರಾರ್ಥನಾ ಮುಟ್ಟಂಗಿಲ್ಲ.”

ಎಷ್ಟು ಸಹಜವಾಗಿ ಅಂದೆ, ರೂತ್. ಅಡುಗೆಗೆ ಉಪ್ಪು ಸಾಲದು ಅನ್ನುವಷ್ಟು ಸಹಜವಾಗಿ. ಇಷ್ಟು ವರ್ಷ ನೀನು ಹಾಗೆಂದು ನಂಬಿಕೊಂಡೇ ದಿನವೂ ಮೊಣಕಾಲೂರಿದ್ದೀಯ. ಮಗಳಿಂದ ಕಸಿದದ್ದನ್ನು ಕಂಡಿದ್ದ ನಾನು, ನಿನ್ನಿಂದ ಕಸಿದದ್ದನ್ನು ಕಂಡೇ ಇರಲಿಲ್ಲ.

ಇದನ್ನು ಅಂಚೆಗೆ ಹಾಕುವುದಿಲ್ಲ, ನಾಳೆ ನಾನೇ ಮುನವಳ್ಳಿಗೆ ಬರುತ್ತೇನೆ. ಮೊದಲು ನಿನಗೆ ಹೇಳುತ್ತೇನೆ, ಆಮೇಲೆ ಎಸ್ತೇರಳಿಗೆ — ಅವಳಿಗೆ ಹೇಳುವ ಭಾರವನ್ನು ನಿನ್ನ ಮೇಲೆ ಹಾಕುವುದಿಲ್ಲ. ಕಾಕಾ ಅವರಿಗೆ ಹೇಳಲು ಕಿತ್ತೂರಿಗೂ ಹೋಗುತ್ತೇನೆ. ನೀನು ಅತ್ತರೆ ನಿನ್ನ ತಲೆಯ ಮೇಲೆ ಕೈಯಿಡುವುದಿಲ್ಲ. ಮಾರ್ಥಾಳ ವಿಷಯದಲ್ಲಿ ನೀನು ಕೇಳಿಕೊಂಡಂತೆ ಈ ಸಲ ನಿಜವಾಗಿಯೇ ಪ್ರಾರ್ಥಿಸಿದೆ. ನನಗೇನೂ ಕೇಳಿಸಲಿಲ್ಲ. ಕೇಳಿಸಲಿಲ್ಲವೆಂದೇ ಹೇಳುತ್ತೇನೆ.