ನಾಲ್ಕನೆಯ ಹೆಸರು

ಉಮ್ಮರಬ್ಬನಿಗೆ ಉಳಿದಿದ್ದ ಆಸೆ ಒಂದೇ. ಸೌದಿಯ ಜಿದ್ದಾ ನಗರದ ಶರಫಿಯಾ ಬಡಾವಣೆಯಲ್ಲಿ, ನಿಝಾಮುದ್ದೀನರ ಬಟ್ಟೆ ಅಂಗಡಿಯ ಮೇಲಿನ ಗೋದಾಮಿನಲ್ಲಿ, ಶುಕ್ರವಾರದ ಊಟ ಮುಗಿಸಿ ಕೂರುವ ಆ ಕೆಲವು ಗಂಡಸರು ತನ್ನ ಹೆಸರನ್ನು ತಂಡಕ್ಕೆ ಸೇರಿಸಬೇಕು.

ಆ ತಂಡ ಯಾವ ಮೈದಾನದಲ್ಲೂ ಆಡುವುದಿಲ್ಲ. ಭಟ್ಕಳದಿಂದ ಉಳ್ಳಾಲದವರೆಗಿನ ಕರಾವಳಿಯಲ್ಲಿ ಒಂದು ಕಾಲಕ್ಕೆ ಅಂಡರ್‌ಆರ್ಮ್ ಕ್ರಿಕೆಟ್ ಆಡಿದವರಲ್ಲಿ ಎಲ್ಲರಿಗಿಂತ ದೊಡ್ಡವರಾದ ಏಳು ಮಂದಿಯನ್ನು ಆರಿಸುವುದು, ಅಷ್ಟೇ. ಕೈಯನ್ನು ಭುಜದ ಮೇಲೆ ಎತ್ತದೆ, ಸೊಂಟದ ಕೆಳಗಿನಿಂದಲೇ ಟೆನಿಸ್ ಚೆಂಡನ್ನು ಬಿಡುವ ಆ ಆಟದ ಲೆಕ್ಕ ಇಟ್ಟವರು ಯಾರೂ ಇಲ್ಲ. ಸ್ಕೋರು ಗೀಚಿದ ಸಿಗರೇಟು ಪ್ಯಾಕಿನ ರಟ್ಟುಗಳೆಲ್ಲ ಆ ಕಾಲದ ಮಳೆಯಲ್ಲೇ ಕರಗಿ ಹೋಗಿದ್ದವು. ಹಾಗಾಗಿ ಅಂಕಿಗಳಿದ್ದದ್ದು ಇವರ ಬಾಯಲ್ಲಿ ಮಾತ್ರ. ಯಾರ ದನಿ ಜೋರೋ ಅವರ ಅಂಕಿ ಸ್ವಲ್ಪ ಹೊತ್ತು ಗೆಲ್ಲುತ್ತಿತ್ತು.

ನಿಯಮ ಎರಡೇ. ಹೆಸರು ಸೇರಬೇಕಾದರೆ ಕೂತವರೆಲ್ಲರ ಕೈ ಮೇಲೇಳಬೇಕು, ಒಬ್ಬನ ಕೈ ಕೆಳಗುಳಿದರೂ ಇಲ್ಲ. ಮತ್ತೆ, ಕೂತವರಲ್ಲೇ ಒಬ್ಬನ ಹೆಸರು ಬಂದರೆ ಅವನು ಬಾಯಿ ತೆರೆಯಬಾರದು, ಅವನ ಕೈಯೂ ಲೆಕ್ಕಕ್ಕಿಲ್ಲ. ತನ್ನನ್ನು ತಾನೇ ಹೊಗಳಿಕೊಳ್ಳಬಾರದೆಂದು ನಿಝಾಮುದ್ದೀನರು ಮಾಡಿದ ನಿಯಮ ಅದು.

ಉಳ್ಳಾಲದಾಚೆಯ ಕುದ್ರುತೋಟದಲ್ಲಿ ಹುಟ್ಟಿದ ಉಮ್ಮರಬ್ಬ ಎಡಗೈ ಬೌಲರ್. ಅಮ್ಮ ಬೀಡಿ ಕಟ್ಟುತ್ತಿದ್ದರೆ ಇವನು ಅಂಗಳದ ಗೋಡೆಗೆ ಚೆಂಡು ಎಸೆಯುತ್ತಿದ್ದ. ಇಪ್ಪತ್ತು ದಾಟುವ ಹೊತ್ತಿಗೆ ಪಂದ್ಯಾಟದ ನೋಟೀಸುಗಳಲ್ಲಿ ಅವನ ಹೆಸರು ದಪ್ಪ ಅಕ್ಷರದಲ್ಲಿ ಬರುತ್ತಿತ್ತು. ಆಮೇಲೆ ವೀಸಾ ಬಂತು. ಮೂವತ್ತು ವರ್ಷಗಳಿಂದ ಜಿದ್ದಾದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನಿಂತಿದ್ದಾನೆ. ಗಿರಾಕಿ ಇಲ್ಲದಾಗ ಕೌಂಟರಿನ ಹಿಂದೆ ಅವನ ಎಡಗೈ ತಾನಾಗಿಯೇ ಹಿಂದಕ್ಕೆ ಹೋಗಿ ಮುಂದಕ್ಕೆ ಬರುತ್ತದೆ. ಬೆರಳುಗಳು ಇಲ್ಲದ ಚೆಂಡನ್ನು ತಿರುಗಿಸಿ ಬಿಡುತ್ತವೆ.

ಅವನ ಬೌಲಿಂಗಿಗೆ ವಿಕೆಟ್ ಹಿಂದೆ ಕೂರುತ್ತಿದ್ದವನು ಅಶ್ರಫ್. ಒಂದೇ ಊರು, ಒಂದೇ ವಯಸ್ಸು. ಈಗ ಜಿದ್ದಾ ಬಂದರಿನಲ್ಲಿ ಸರಕು ಬಿಡಿಸುವ ಆಫೀಸಿನಲ್ಲಿ ಗುಮಾಸ್ತ. ಗೋದಾಮಿನಲ್ಲಿ ಉಮ್ಮರಬ್ಬನ ಪರ ವಾದಿಸುವವನು ಅವನೇ.

“ಇವನ ಬಾಲು ಬಿದ್ದ ಮೇಲೆ ಎತ್ತ ತಿರುಗುತ್ತದೆ ಅಂತ ಇವನಿಗೇ ಗೊತ್ತಿರ್ತಿರಲಿಲ್ಲ ಮಾರಾಯ್ರೆ. ನಾನು ಹೊಟ್ಟೆಯಲ್ಲಿ ಹಿಡಿದದ್ದು ಎಷ್ಟು, ಹಲ್ಲಲ್ಲಿ ಹಿಡಿದದ್ದು ಎಷ್ಟು!” ಎನ್ನುತ್ತಿದ್ದ.

“ಅದು ಅವನ ಬೌಲಿಂಗ್ ಅಲ್ಲ, ನಿನ್ನ ಕೀಪಿಂಗ್” ಎಂದು ನಿಝಾಮುದ್ದೀನರು ಹಾಲಿಲ್ಲದ ಸುಲೈಮಾನಿ ಚಹಾ ಹೀರುತ್ತಾ ಅನ್ನುತ್ತಿದ್ದರು. ಭಟ್ಕಳದವರು, ಅರವತ್ತರ ಹತ್ತಿರ, ಗಡ್ಡಕ್ಕೆ ಮೆಹಂದಿ. ನಗುವಾಗ ಬಟ್ಟೆಯ ಥಾನುಗಳ ಮೇಲೆ ಒರಗಿ ಇಡೀ ಮೈ ಅಲುಗಿಸಿ ನಗುವವರು.

ಮೊದಲ ಹೆಸರು ಅವರ ಊರಿನ ಬ್ಯಾಟ್ಸ್‌ಮನ್ ಅಬ್ದುಲ್ ಬಾರಿಯದು. ಅದಕ್ಕೆ ತಿಂಗಳುಗಟ್ಟಲೆ ಜಗಳವಾಯಿತು.

“ನಿಮ್ಮ ಊರಿನ ಗ್ರೌಂಡಲ್ಲಿ ಬೌಂಡರಿ ಅಂದ್ರೆ ಮೀನು ಮಾರ್ಕೆಟಿನ ಗೋಡೆ ನಿಝಾಮ್ ಭಾಯಿ. ಅಲ್ಲಿ ನನ್ನ ಅಜ್ಜಿ ಕೂಡ ಸಿಕ್ಸ್ ಹೊಡೀತಾರೆ. ಬಾರಿಯ ರನ್ನಲ್ಲಿ ಅರ್ಧ ಕಳೆಯಬೇಕು” ಎಂದಿದ್ದ ಅಶ್ರಫ್.

“ಕಳಿ ಮಾರಾಯ. ಅರ್ಧ ಕಳೆದರೂ ನಿಮ್ಮ ಊರಿನವರೆಲ್ಲ ಸೇರಿ ಹೊಡೆದದ್ದಕ್ಕಿಂತ ಜಾಸ್ತಿ ಉಂಟು.”

ಕೊನೆಗೆ ಕೈಗಳೆದ್ದವು. ಫೋನು ಹಚ್ಚಿ ಬಾರಿಗೆ ತಿಳಿಸಿದರು. ಅವನು ಆ ಕಡೆಯಿಂದ ಮಗುವಿನ ಹಾಗೆ ನಕ್ಕ. ಆ ವರ್ಷದ ರಂಝಾನಿಗೆ ಮುಂಚೆಯೇ ತೀರಿಕೊಂಡ. ಸಕ್ಕರೆ ಕಾಯಿಲೆ ಇತ್ತಂತೆ.

ಎರಡನೆಯವನು ಮಲ್ಪೆಯ ಸಂಜೀವ ಮೆಂಡನ್. ಅವನ ಹೆಸರು ಸೇರಿದ ಮೇಲೆ ಬಂದ ಮಳೆಗಾಲದಲ್ಲಿ ದೋಣಿ ಮಗುಚಿತು. ಮೂರನೆಯವನು ಕಿನ್ನಿಗೋಳಿಯ ಫೆಲಿಕ್ಸ್ ಲೋಬೊ. ಸೇರಿದ ವಾರವೇ, ಬಸ್ಸಿಗೆ ಕಾಯುತ್ತಾ ನಿಂತವನು ಹಾಗೆಯೇ ಕುಸಿದ.

ಆ ಸುದ್ದಿ ಬಂದ ಶುಕ್ರವಾರ ಗೋದಾಮಿನಲ್ಲಿ ಎಲ್ಲರೂ ಸೇರಿದ್ದರು. ಕಿಟಕಿಯಾಚೆ ಧೂಳು ಎದ್ದು ಆಕಾಶ ಹಳದಿಯಾಗಿತ್ತು. ಏಸಿ ಯಂತ್ರ ಗೊರಗೊರ ಅನ್ನುತ್ತಿತ್ತು. ಮೂಲೆಯಿಂದ ಯಾರೋ ಮೆಲ್ಲಗೆ, “ನಮ್ಮ ತಂಡಕ್ಕೆ ಸೇರಿದವರೆಲ್ಲ...” ಎಂದು ಶುರು ಮಾಡಿದ.

“ಬಾಯಿ ಮುಚ್ಚು!” ನಿಝಾಮುದ್ದೀನರು ಚಹಾದ ಲೋಟವನ್ನು ನೆಲಕ್ಕೆ ಕುಕ್ಕಿದರು. “ಶಕುನ ಗಿಕುನ ಅಂತ ನನ್ನ ಗೋದಾಮಲ್ಲಿ ಮಾತು ಬೇಡ. ನಮ್ಮ ದೀನಿನಲ್ಲಿ, ನಮ್ಮ ಧರ್ಮದಲ್ಲಿ, ಅದಕ್ಕೆ ಜಾಗ ಇಲ್ಲ. ಐವತ್ತು ದಾಟಿದವರು ಸಾಯ್ತಾರೆ. ಅಲ್ಲಾಹನ ತೀರ್ಮಾನ.”

ಅವರು ಹೇಳಿದ್ದು ಸರಿಯೇ ಆಗಿತ್ತು. ಅದು ಸರಿ ಎಂದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದಲೇ ಆ ಭಯಕ್ಕೆ ಹೊರಗೆ ಬರಲು ದಾರಿ ಇಲ್ಲವಾಯಿತು. ಅದು ಒಳಗೇ ಕೂತು ಅಂಕಿಗಳ ಮಾತು ಕಲಿತುಕೊಂಡಿತು. ಮುಂದಿನ ಶುಕ್ರವಾರಗಳಲ್ಲಿ ಎಷ್ಟೋ ಹೆಸರುಗಳು ಬಂದವು. ಪ್ರತಿ ಹೆಸರಿಗೂ ಯಾರಾದರೊಬ್ಬ ಕೊರತೆ ಹುಡುಕಿದ. ಇವನಿಗೆ ಕಾಲು ನಿಧಾನ, ಅವನು ಫೈನಲಿನಲ್ಲಿ ಔಟ್. ಮೊದಲು ಆಟಗಾರರನ್ನು ಎತ್ತಿ ಹಿಡಿಯಲು ಕಿರುಚುತ್ತಿದ್ದವರು ಈಗ ಸಣ್ಣ ದನಿಯಲ್ಲಿ ಒಬ್ಬೊಬ್ಬರನ್ನೇ ಹೊರಗಿಡುತ್ತಿದ್ದರು. ಯಾಕೆಂದು ಯಾರೂ ಕೇಳಲಿಲ್ಲ.

ಆ ವರ್ಷವೇ ಉಮ್ಮರಬ್ಬನಿಗೆ ಎದೆ ನೋವು ಕಾಣಿಸಿಕೊಂಡಿತು. ಡಾಕ್ಟರರು ಚಿತ್ರ ತೆಗೆದು ನೋಡಿ, ರಕ್ತನಾಳಗಳು ಮುಚ್ಚಿವೆ, ಎದೆ ತೆರೆದು ಬೈಪಾಸ್ ಮಾಡಬೇಕು ಎಂದು ದಿನ ಕೊಟ್ಟರು. ಊರಿಗೆ ಹೋಗಿ ಮಾಡಿಸಿಕೊಳ್ಳುವಷ್ಟು ಸಮಯವಿಲ್ಲ, ವಿಮಾನ ಹತ್ತುವುದೇ ಬೇಡ ಎಂದರು.

ಅದೇ ವಾರ ಅವನ ಹೆಂಡತಿ ಆಸ್ಯಮ್ಮ ಊರಿನಿಂದ ಅಶ್ರಫನಿಗೆ ಫೋನು ಮಾಡಿದಳು.

“ಅಶ್ರಫಾಕ, ನೀವು ಬೈಯಬೇಡಿ. ಒಂದು ಮಾತು ಕೇಳ್ತೇನೆ. ನಿಮ್ಮ ಆ ಟೀಮು ಉಂಟಲ್ಲ, ಅದಕ್ಕೆ ಇವರ ಹೆಸರು ಹಾಕಬೇಡಿ.”

“ಎಂತ ಮಾತು ಆಸ್ಯ ಅದು? ಅದೆಲ್ಲ ನಂಬಬಾರದು.”

“ನಾನು ನಂಬುವುದಿಲ್ಲ” ಎಂದಳು ಆಸ್ಯಮ್ಮ. ಸ್ವಲ್ಪ ಹೊತ್ತು ಅವಳ ಉಸಿರು ಮಾತ್ರ ಕೇಳಿಸಿತು. “ನಂಬುವುದಿಲ್ಲ. ಆದರೂ ಹಾಕಬೇಡಿ. ನೀವು ಒಬ್ಬರು ಬೇಡ ಅಂದ್ರೆ ಸಾಕಂತಲ್ಲ?”

ಅಶ್ರಫ್ ಮಾತು ಕೊಟ್ಟ.

ಎರಡು ವಾರಗಳಾದ ಮೇಲೆ ಉಮ್ಮರಬ್ಬನ ಹೆಸರು ಬಂತು. ಅವನ ಮುಖ ಬಾಡಿದ್ದು ನೋಡಲಾಗದೆ ಅಂದು ಮೂಲೆಯಿಂದ ಮಾತೆತ್ತಿ ಬೈಸಿಕೊಂಡವನೇ ಅದನ್ನು ಎತ್ತಿದ್ದ. ಉಮ್ಮರಬ್ಬ ನಿಯಮದಂತೆ ಬಾಯಿ ಮುಚ್ಚಿ, ಥಾನಿಗೆ ಬೆನ್ನು ಕೊಟ್ಟು ಕೂತ. ಎಂದಿನಂತೆ ಅಶ್ರಫ್ ಶುರು ಮಾಡಲಿ ಎಂದು ಅವನ ಕಡೆ ನೋಡಿದ. ಕಣ್ಣಲ್ಲಿ ಆಗಲೇ ಸಣ್ಣ ನಗುವಿತ್ತು.

“ವಿಕೆಟ್ ತುಂಬ ಉಂಟು” ಎಂದ ಅಶ್ರಫ್. “ಆದರೆ ಯಾರ ವಿಕೆಟ್? ಶಾಲೆ ಮಕ್ಕಳ ಟೀಮಿನದ್ದೇ ಜಾಸ್ತಿ.”

ಯಾರ ಕಡೆಯೂ ನೋಡದೆ ಅವನು ಮುಂದುವರಿಸಿದ.

“ಒಳ್ಳೆ ಬ್ಯಾಟ್ಸ್‌ಮನ್ ಎದುರು ಇವನು ಸೋತದ್ದೇ. ಸಂಜೀವ ಮೆಂಡನ್ ಇವನ ಕೊನೇ ಓವರಿನಲ್ಲಿ ಹೊಡೆದದ್ದು ಮರೆತು ಹೋಯ್ತಾ? ಮೂರು ಸಿಕ್ಸ್. ನಾನು ಹಿಂದೆ ಕೂತು ನೋಡಿದ್ದೇನೆ. ಚೆಂಡು ತಿರುಗಲೇ ಇಲ್ಲ. ಇವನ ಬಾಲು ತಿರುಗ್ತದೆ ಅಂತ ಊರಿಡೀ ಹೇಳಿದ್ದು ನಾನು. ಗೆಳೆಯ ಅಂತ ಹೇಳಿದ್ದು.”

ಹೇಳುತ್ತಾ ಹೇಳುತ್ತಾ ಅವನ ದನಿ ಏರಿತು. ನಿಲ್ಲಿಸಿದರೆ ಅಳು ಬಂದೀತೆಂಬ ಹಾಗೆ ಒಂದರ ಹಿಂದೆ ಒಂದು ಪಂದ್ಯ ತೆಗೆದ. ಕೊಟ್ಟ ವೈಡುಗಳು, ಬಿಟ್ಟ ಕ್ಯಾಚುಗಳು. ಅರ್ಧ ನಿಜ, ಅರ್ಧ ಆ ಕ್ಷಣಕ್ಕೆ ಹುಟ್ಟಿದ್ದು. ತಿದ್ದಬಲ್ಲವನು ಒಬ್ಬನೇ, ಅವನು ಬಾಯಿ ತೆರೆಯುವಂತಿರಲಿಲ್ಲ. ಉಮ್ಮರಬ್ಬ ತನ್ನ ಎಡಗೈಯನ್ನು ನೋಡುತ್ತಾ ಕೂತಿದ್ದ, ಯಾರೋ ತನ್ನಲ್ಲಿಗೆ ತಂದುಕೊಟ್ಟ ಹಾಳಾದ ಬಿಡಿಭಾಗವನ್ನು ನೋಡುವ ಹಾಗೆ.

ಅಶ್ರಫನ ಕೈ ಕೆಳಗೇ ಉಳಿಯಿತು.

ಆಮೇಲಿನ ದಿನಗಳಲ್ಲಿ ಉಮ್ಮರಬ್ಬ ಫೋನು ಎತ್ತಲಿಲ್ಲ. ಆಪರೇಷನ್ನಿಗೆ ಮುಂಚಿನ ಶುಕ್ರವಾರ ಅವನು ಬರುವುದಿಲ್ಲವೆಂದೇ ಎಲ್ಲರೂ ಎಣಿಸಿದ್ದರು. ಬಂದ. ಮೆಟ್ಟಿಲು ಹತ್ತಿದ ಏದುಸಿರು ಇಳಿಯುವ ತನಕ ಬಾಗಿಲ ಚೌಕಟ್ಟು ಹಿಡಿದು ನಿಂತ. ಆಮೇಲೆ ನೇರ ಅಶ್ರಫನ ಎದುರು ಹೋಗಿ ಕೂತ.

“ಆಸ್ಯ ಫೋನ್ ಮಾಡಿದ್ಳಾ?”

ಅಶ್ರಫ್ ಚಹಾದ ಲೋಟಕ್ಕೆ ಕೈ ಹಾಕಿದ.

“ಮಾಡಿದ್ದಾಳೆ. ನಾನು ನಿನ್ನೆ ಕೇಳಿದೆ, ಅತ್ತಳು.” ಉಮ್ಮರಬ್ಬನ ದನಿಯಲ್ಲಿ ಕೋಪವಿರಲಿಲ್ಲ. “ಶಾಲೆ ಮಕ್ಕಳ ವಿಕೆಟ್ ಅಂತೀಯಲ್ಲ, ಕಳ್ಳ! ಆ ರಾತ್ರಿ ನಾನು ನಿದ್ದೆ ಮಾಡಿಲ್ಲ. ಹೌದೋ ಏನೋ ಅಂತ ನನಗೇ ಅನಿಸಿ ಹೋಯ್ತು.”

“ನಾನು ಎಂತ ಮಾಡ್ಬೇಕಿತ್ತು ಮಾರಾಯ?” ಎಂದ ಅಶ್ರಫ್. “ಮೂರು ಜನ. ಮೂರಕ್ಕೆ ಮೂರು.”

ಹೇಳಬಾರದ್ದನ್ನು ಅವನು ಹೇಳಿಬಿಟ್ಟಿದ್ದ. ಎಲ್ಲರೂ ನಿಝಾಮುದ್ದೀನರ ಕಡೆ ನೋಡಿದರು. ಅವರು ಬೈಯಲಿಲ್ಲ. ಗಡ್ಡ ನೀವುತ್ತಾ ಕಿಟಕಿಯಾಚೆ ನೋಡಿದರು.

“ನೋಡು” ಎಂದ ಉಮ್ಮರಬ್ಬ. “ಭಾನುವಾರ ಅವರು ನನ್ನ ಎದೆ ಬಿಚ್ಚುತ್ತಾರೆ. ಇಲ್ಲಿ ಒಂದು ಹೆಸರಿಗೆ ಹೆದರಿ ಹೊರಗೆ ಕೂತರೆ, ಅಲ್ಲಿ ನಾನು ಯಾವ ಧೈರ್ಯದಲ್ಲಿ ಮಲಗಲಿ? ಏನೂ ಆಗಬಹುದು. ಆದದ್ದು ಆಗಲಿ. ಆಡಿದವನು ಅಂತ ಹೋಗ್ತೇನೆ. ನನ್ನ ಕೀಪರೇ ನನ್ನನ್ನು ನಂಬಲಿಲ್ಲ ಅಂತ ಹೋಗಲಾರೆ.”

ಅಷ್ಟು ಹೇಳಿ ಅವನು ಬಾಯಿ ಮುಚ್ಚಿದ. ಹೆಸರು ಈಗ ಎದುರಿಗಿತ್ತು.

ಕೈಗಳು ಎದ್ದವು. ನಿಝಾಮುದ್ದೀನರದೂ ಎದ್ದಿತು. ಅಶ್ರಫ್ ಆಸ್ಯಮ್ಮನ ಉಸಿರನ್ನು ಕಿವಿಯಲ್ಲಿ ಕೇಳುತ್ತಲೇ, ಕಣ್ಣು ಮುಚ್ಚಿಕೊಂಡು, ಕೈ ಎತ್ತಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಉಮ್ಮರಬ್ಬ ಒಬ್ಬನೇ ನಕ್ಕ.

ಭಾನುವಾರ ಆಸ್ಪತ್ರೆಯ ಉದ್ದ ಕಾರಿಡಾರಿನಲ್ಲಿ ಅಶ್ರಫ್ ಕೂತೇ ಇದ್ದ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಂತ. ಸಂಜೆಯ ಅಸರ್ ನಮಾಝಿನ ಹೊತ್ತಿಗೆ ಉಡುಪಿ ಕಡೆಯ ನರ್ಸ್ ವಾರಿಜಾ ಹೊರಗೆ ಬಂದು, ಮುಖದ ಮಾಸ್ಕ್ ಇಳಿಸಿ, “ಉಮ್ಮರಬ್ಬನವರ ಕಡೆಯವರಾ? ಆಪರೇಷನ್ ಚೆನ್ನಾಗಿ ಆಯ್ತು. ಇನ್ನು ಎಚ್ಚರ ಆಗಬೇಕು” ಎಂದಳು. ಅಶ್ರಫ್ ಜೇಬಿನಿಂದ ಫೋನು ತೆಗೆದ. ಊರಿಗೆ ಫೋನು ಮಾಡಿದರೆ ಆಸ್ಯಮ್ಮ ಸುದ್ದಿ ಕೇಳಿದ್ದೇ ಇಟ್ಟುಬಿಟ್ಟಳು.

ಉಮ್ಮರಬ್ಬ ಬದುಕಿದ. ವಾರಗಳು ಕಳೆದು, ಸೊರಗಿದ ಮೈಗೆ ದೊಗಳೆಯಾದ ಅಂಗಿ ತೊಟ್ಟು ಮತ್ತೆ ಆ ಮೆಟ್ಟಿಲು ಹತ್ತಿ ಬಂದ. ನಿಝಾಮುದ್ದೀನರು ಕುರಿಮಾಂಸ ಹಾಕಿ ಬೇಯಿಸಿದ ಅರಬರ ಮಂದಿ ಅನ್ನ ತರಿಸಿದರು. ಎಷ್ಟೋ ತಿಂಗಳ ಮೇಲೆ ಗೋದಾಮಿನಲ್ಲಿ ನಗು ಕೇಳಿಸಿತು. ಶುಕ್ರವಾರಗಳ ಆ ಭಾರ ತನ್ನ ಮೂರ್ಖತನವೇ ಆಗಿತ್ತೆಂದು ಅಶ್ರಫನಿಗೂ ಅನಿಸಿತು. ಚೆನ್ನಾಗಿ ಉಂಡ.

ಊಟ ಮುಗಿದ ಮೇಲೆ ಉಮ್ಮರಬ್ಬ ಕೈ ಒರೆಸಿಕೊಂಡು, “ಐದನೆಯ ಹೆಸರು ನಾನು ಹೇಳ್ತೇನೆ” ಎಂದ. “ಕೀಪರ್ ಬೇಕಲ್ಲ ನಮಗೆ? ಅಶ್ರಫ್.”

ಎಲ್ಲರೂ ಗೊಳ್ಳೆಂದು ನಕ್ಕರು. ಅಶ್ರಫನೂ ನಕ್ಕ.

“ನಗಬೇಡಿ. ನನ್ನ ವಿಕೆಟ್ಟಿನಲ್ಲಿ ಅರ್ಧ ಇವನದ್ದು. ಸ್ಟಂಪಿಂಗ್ ಎಷ್ಟು ಗೊತ್ತುಂಟಾ? ಕರಾವಳಿಯಲ್ಲಿ ಯಾರೂ ಅಷ್ಟು ಮಾಡಿಲ್ಲ. ಲೆಕ್ಕ ಇದ್ದಿದ್ದರೆ ಈಗ ತೋರಿಸ್ತಿದ್ದೆ.”

ಅವನು ಒಂದೊಂದೇ ಪಂದ್ಯ ಹೇಳತೊಡಗಿದ. ಆಗದ ಕ್ಯಾಚುಗಳು, ಇಲ್ಲದ ಸ್ಟಂಪಿಂಗುಗಳು. ಗೆಳೆಯನಿಗೆ ಏನನ್ನೋ ಹಿಂದಿರುಗಿಸುವ ಸಂತೋಷದಲ್ಲಿ ಅವನ ಸೊರಗಿದ ಮುಖ ಹೊಳೆಯುತ್ತಿತ್ತು. ಅಶ್ರಫ್ ನಗುತ್ತಲೇ ಬೇಡವೆಂದು ತಲೆಯಾಡಿಸಿದ. ಮಾತಾಡಲು ಬಾಯಿ ತೆರೆದ. ಮೂಲೆಯಿಂದ ಯಾರೋ, “ಹೆಸರು ಬಂದವರು ಮಾತಾಡುವ ಹಾಗಿಲ್ಲ ಅಶ್ರಫಾಕ!” ಎಂದು ಕೂಗಿದ. ಮತ್ತೆ ನಗು.

ಉಮ್ಮರಬ್ಬನ ಎಡಗೈ ಎಲ್ಲಕ್ಕಿಂತ ಮೊದಲು ಎದ್ದಿತು. ಅದರ ಹಿಂದೆ ಒಂದೊಂದಾಗಿ ಉಳಿದವರದು.

ನಿಝಾಮುದ್ದೀನರ ಕೈ ಮಾತ್ರ ಮಡಿಲಲ್ಲೇ ಇತ್ತು. ಅವರು ನಗುತ್ತಿರಲಿಲ್ಲ. ಅಶ್ರಫನ ಮುಖವನ್ನೇ ನೋಡುತ್ತಿದ್ದರು. ಆ ನೋಟದಲ್ಲಿದ್ದದ್ದು ಕನಿಕರವೆಂದು ಅಶ್ರಫನಿಗೆ ತಿಳಿಯಿತು. ಇಷ್ಟು ದಿನವೂ ಅವರಿಗೂ ಹೆದರಿಕೆಯೇ ಆಗಿತ್ತೆಂದೂ ತಿಳಿಯಿತು. ತಾವೇ ಗೋದಾಮಿನಿಂದ ಹೊರಗಿಟ್ಟ ಆ ಮಾತನ್ನು ಅವರು ಈಗ ಆಡುವಂತಿರಲಿಲ್ಲ.

“ಎಂತ ನಿಝಾಮ್ ಭಾಯಿ, ನಿಮ್ಮ ಕೈಗೆ ಬಾವು ಬಂದಿದೆಯಾ?” ಉಮ್ಮರಬ್ಬ ಕೇಳಿದ.

ನಿಝಾಮುದ್ದೀನರು ಕಣ್ಣು ಕೆಳಗಿಳಿಸಿದರು. ಆಮೇಲೆ ನಿಧಾನವಾಗಿ, ಭಾರವಾದದ್ದನ್ನು ಎತ್ತುವವರ ಹಾಗೆ, ಕೈ ಮೇಲೆತ್ತಿದರು.